ಟೆನ್ಷನರ್ ಬದಲಾಯಿಸದೆ ಬದಲಾಯಿಸಿದ್ದೇನೆಂದು ಹೇಳಿದ ಬಗ್ಗೆ

ಶಂಭುಲಿಂಗ ತಂದೆ ಹಂಪಯ್ಯ, ವಯಸ್ಸು 47 ವರ್ಷ, ಬೈಕ್ ರಿಪೇರಿ ಕೆಲಸ, ವಾಸ ಯಶವಂತನಗರ ರಸ್ತೆ, ಸಂಡೂರು, ಆದ ನಾನು ದಿನಾಂಕ 25-11-2024 ಸೋಮವಾರ ಮಧ್ಯಾಹ್ನ 12-10ಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 15-11-2024ರಂದು ನಾನು ಇಲ್ಲಿ ಕೊಟ್ಟ ಹೇಳಿಕೆ ಸುಳ್ಳು.

ನಾನು 26 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಹೇಳಿದ ದಿನಕ್ಕೆ ಗಾಡಿ ಕೊಡುತ್ತೇನೆಂದು ಊರಲ್ಲಿ ನನಗೆ ಹೆಸರಿದೆ. ಆ ಹೆಸರಿನ ಸೊಕ್ಕೂ ಇತ್ತು. ಬರೆದುಕೊಳ್ಳುವ ಸಾಹೇಬರು ಸೊಕ್ಕು ಎಂಬ ಮಾತು ಬೇಡವೆಂದರು. ಇರಲಿ ಎಂದು ನಾನೇ ಕೇಳಿಕೊಂಡೆ.

ದಿನಾಂಕ 09-11-2024 ಶನಿವಾರ ಬೆಳಿಗ್ಗೆ 10 ಗಂಟೆಗೆ, ಯಶವಂತನಗರದ ಗಣಿಯಲ್ಲಿ ಕೆಲಸ ಮಾಡುವ ಸಂಡೂರಿನ ಲಿಂಗರಾಜ್ ಎಂಬುವನು ತನ್ನ 2003ನೇ ಇಸವಿಯ ಬೈಕ್ ತಂದನು. ಇಂಜಿನ್ ಒಳಗೆ ಕಟಕಟ ಸದ್ದು. ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸವೆದಿತ್ತು. ಹಾಗೇ ಓಡಿಸಿದರೆ ಚೈನ್ ಹಲ್ಲು ತಪ್ಪಿ ಇಂಜಿನ್ ಹಿಡಿದುಕೊಂಡು, ಓಡುವ ಗಾಡಿ ಗಕ್ಕನೆ ನಿಲ್ಲಬಹುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸದು ಹಾಕಿ ಸೋಮವಾರ ಸಂಜೆ 6ಕ್ಕೆ ಕೊಡುವುದಾಗಿ ಹೇಳಿದೆ.

ಸೋಮವಾರ ಹೊಸಪೇಟೆಗೆ ಹೋಗಿ ನಾಲ್ಕು ಅಂಗಡಿ ಸುತ್ತಿದೆ. ಅಷ್ಟು ಹಳೇ ಮಾಡೆಲ್ಲಿನ ಸಾಮಾನು ಬರಲು ಎಂಟು ದಿನ ಬೇಕೆಂದರು. ಸಂಜೆ 5ಕ್ಕೆ ವಾಪಸ್ ಬಂದು, ಆ ಸವೆದ ಟೆನ್ಷನರನ್ನೇ ಬಿಚ್ಚಿ, ಸ್ಪ್ರಿಂಗ್ ಹಿಂದೆ ಎರಡು ವಾಷರ್ ತುರುಕಿ ಕೂಡಿಸಿದೆ. ಸದ್ದು ನಿಂತಿತು. 6ಕ್ಕೆ ಲಿಂಗರಾಜ್ ಬಂದಾಗ ಬೇರೆ ಇಬ್ಬರು ಗಿರಾಕಿಗಳು ನಿಂತಿದ್ದರು. ಸಾಮಾನು ಸಿಗಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ಹೊಸ ಸಾಮಾನು ಹಾಕಿದ ಮೇಲೆ ಬಿಚ್ಚಿದ ಹಳೇದನ್ನು ಗಿರಾಕಿಯ ಕೈಗೆ ಕೊಡುವುದು ನಮ್ಮ ಕಡೆಯ ರೂಢಿ. ಅವನು ಕೇಳಲೂ ಇಲ್ಲ. ನಾನೇ ಗುಜರಿ ಡಬ್ಬಿಯಿಂದ ಬೇರೆ ಗಾಡಿಯ ಟೆನ್ಷನರ್ ತೆಗೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೋಡಲೇ ಹೆಂಗ ಸವದೈತಿ ಎಂದು ಕೊಟ್ಟೆ. ಭಾಳ ಉಪಕಾರ ಆತ್ರಿ ಅಣ್ಣ ಎಂದು ಅವನು ಗಾಡಿ ಒಯ್ದನು.

ದಿನಾಂಕ 14-11-2024 ಗುರುವಾರ ಬೆಳಿಗ್ಗೆ 6-35ಕ್ಕೆ ಗಣಿ ಕೆಲಸಕ್ಕೆ ಹೋಗುವಾಗ ಸಂಡೂರಿನಿಂದ 3 ಕಿ.ಮೀ. ದೂರದಲ್ಲಿ ಬೈಕ್ ಒಮ್ಮೆಲೇ ನಿಂತು ಲಿಂಗರಾಜ್ ಬಿದ್ದನು. ಸುಮಾರು 15 ಮೀಟರ್ ಹಿಂದಿದ್ದ, ಅದೇ ಗಣಿಗೆ ಕೆಲಸಗಾರರನ್ನು ಒಯ್ಯುವ ಕಂಪನಿ ಬಸ್ಸಿನ ಚಾಲಕ ಹುಲುಗಪ್ಪ, 52 ವರ್ಷ, ಬ್ರೇಕ್ ಹಾಕಿದರೂ ಲಿಂಗರಾಜನ ಎಡಗಾಲು ಮುಂದಿನ ಗಾಲಿಗೆ ಸಿಕ್ಕು ಎರಡು ಕಡೆ ಮುರಿಯಿತು. ಬಸ್ಸಿನಲ್ಲಿದ್ದ ಕೆಲಸಗಾರರೆಲ್ಲ ನಿದ್ದೆಯಲ್ಲಿದ್ದರು. ತಲೆಗೂ ಪೆಟ್ಟಾಗಿದ್ದ ಲಿಂಗರಾಜನಿಗೆ ಹೇಗೆ ಬಿದ್ದೆನೆಂಬುದೇ ನೆನಪಿರಲಿಲ್ಲ. ಬೈಕ್ ತಾನಾಗಿಯೇ ನಿಂತಿತೆಂದು ಹುಲುಗಪ್ಪ ಹೇಳಿದ್ದನ್ನು ಯಾರೂ ನಂಬಲಿಲ್ಲ.

ಮರುದಿನ ಲಿಂಗರಾಜನ ಹೆಂಡತಿ ಸ್ನೇಹಾ, ನಾನು ಕೊಟ್ಟಿದ್ದ ಚೀಲವನ್ನು ಠಾಣೆಗೆ ತಂದು, ಗಾಡಿ ಮೊನ್ನೆಯಷ್ಟೇ ರಿಪೇರಿಯಾಗಿದೆ ಎಂದು ತೋರಿಸಿದಳು. ನನ್ನನ್ನು ಕರೆಸಿದರು. ಒಳಗೆ ಬರುವ ಮೊದಲು, ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದ ಆ ಬೈಕಿನ ಕಿಕ್ಕರನ್ನು ಯಾರೂ ನೋಡದಾಗ ಕಾಲಿಂದ ಒತ್ತಿದೆ. ಅಲುಗಲಿಲ್ಲ. ಇಂಜಿನ್ ಹಿಡಿದುಕೊಂಡಿತ್ತು. ಅದು ಗೊತ್ತಾದ ಮೇಲೆಯೇ ಒಳಗೆ ಬಂದು, ಹೊಸಾದು ಹಾಕೀನ್ರಿ, ಆ ಇಂಜಿನ್ ನಿಲ್ಲೂ ಮಾತೇ ಇಲ್ಲ ಎಂದು ಹೇಳಿ ಸಹಿ ಮಾಡಿದೆ. ತೂಕಡಿಸುತ್ತಾ ಬಸ್ ಓಡಿಸಿದನೆಂದು ಹುಲುಗಪ್ಪನ ಮೇಲೆ ಕೇಸಾಯಿತು, ಕಂಪನಿಯವರು ಕೆಲಸದಿಂದ ನಿಲ್ಲಿಸಿದರು. ನಾನು ಗ್ಯಾರೇಜಿಗೆ ಹೋಗಿ ಮಾಮೂಲಿಯಂತೆ ಕೆಲಸ ಮಾಡಿದೆ.

ನಿನ್ನೆ ಭಾನುವಾರ ಸಂಜೆ 5ಕ್ಕೆ ಹುಲುಗಪ್ಪ ಗ್ಯಾರೇಜಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಹೊರಗೇ ನಿಂತಿದ್ದರು. ಆಮೇಲೆ, ಮೇಸ್ತ್ರಿ, ನಿಮ್ಮ ಮ್ಯಾಲ ಸಿಟ್ಟಿಲ್ರಿ, ಇಂಜಿನ್ ತಾನಾ ನಿಲ್ಲಾಕ ಬರ್ತೈತೇನು, ಅಷ್ಟು ಹೇಳ್ರಿ ಎಂದು ಕೇಳಿದರು. ಎಲ್ಲಾರೂ ಒಂದಾ ಹೇಳಾಕತ್ತಾರ, ಮನಿಯಾಕಿನೂ ಕಣ್ಣು ಹತ್ತಿತ್ತೇನು ಅಂತ ಕೇಳ್ತಾಳ, ನಾನಾ ತೂಕಡಿಸಿದ್ನೇನೋ ಅನ್ನಂಗಾಗೈತಿ ಎಂದರು. ಹೊಸಾ ಸಾಮಾನ್ ಇದ್ರ ನಿಲ್ಲಂಗಿಲ್ರಿ ಎಂದು ನಾನು ಹೇಳಿದೆ. ಹಂಗಾರ ನಂದಾ ತಪ್ಪಿರಬೇಕು ಬಿಡ್ರಿ ಎಂದು ಅವರು ಹೊರಟರು. ಚಾ ಕುಡದು ಹೋಗ್ರಿ ಎಂದು ನಾನು ಕರೆದೆ. ಥೂ, ನನ್ನ ಬಾಯಿಗೆ ಮಣ್ಣು ಬೀಳಲಿ. ಇದನ್ನೂ ಹಾಗೇ ಬರೆದುಕೊಳ್ಳಲು ಹೇಳಿದ್ದೇನೆ.

ಈ ದಿನ ಬೆಳಿಗ್ಗೆ 8-30ಕ್ಕೆ ಹೊಸಪೇಟೆಯ ಆಸ್ಪತ್ರೆಗೆ ಹೋಗಿ ಲಿಂಗರಾಜನಿಗೂ ಸ್ನೇಹಾಳಿಗೂ ಎಲ್ಲವನ್ನೂ ಹೇಳಿದೆ. ಲಿಂಗರಾಜ್ ಗೋಡೆ ಕಡೆ ಮುಖ ಮಾಡಿದನು. ಎಂಟು ದಿನ ಆಗತೈತಿ ಅಂದಿದ್ರ ಇವ್ರು ಆ ಬಸ್ಸಿನ್ಯಾಗಾ ಕುಂತು ಹೋಗ್ತಿದ್ರು, ಒಂದು ಮಾತು ಹೇಳಾಕ ನಿಮಗೇನಾಗಿತ್ರಿ ಅಣ್ಣ ಎಂದು ಸ್ನೇಹಾ ಕೇಳಿದಳು.

ಅಲ್ಲಿಂದ ನೇರ ಇಲ್ಲಿಗೆ ಬಂದೆ. ಹುಲುಗಪ್ಪ ಜಾಮೀನಿನ ಷರತ್ತಿನಂತೆ ಠಾಣೆಯಲ್ಲಿ ಸಹಿ ಹಾಕಲು ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿ, ಬರ್ರಿ ಮೇಸ್ತ್ರಿ, ಕುಂದ್ರಿ ಎಂದರು. ನಾನು ಕೂರಲಿಲ್ಲ, ಹೇಳಲೂ ಆಗಲಿಲ್ಲ. ಇಂಜಿನ್ ಬಿಚ್ಚಿಸಿದರೆ ಆ ಎರಡು ವಾಷರ್ ಸಿಗುತ್ತವೆ. ಬೈಕ್ ತಾನಾಗಿಯೇ ನಿಂತಿದ್ದು ನಿಜ. ಹುಲುಗಪ್ಪನವರು ಕಂಡದ್ದೇ ನಿಜ, ಅವರು ತೂಕಡಿಸಿರಲಿಲ್ಲ.

ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ತಕರಾರಿಲ್ಲ. ಈ ಸಲ ಹೇಳಿದ್ದೆಲ್ಲ ಸತ್ಯ. ಇದನ್ನು ನನಗೆ ಓದಿ ಹೇಳುವಾಗ, ಬಾಗಿಲು ತೆರೆದಿಟ್ಟು ಹೊರಗಿನ ಬೆಂಚಿಗೆ ಕೇಳುವಷ್ಟು ಜೋರಾಗಿ ಓದಬೇಕೆಂದು ಸಾಹೇಬರನ್ನು ಕೇಳಿಕೊಂಡೆ. ಹಾಗೇ ಓದಿದರು. ಕೇಳಿ ಸಹಿ ಮಾಡಿದ್ದೇನೆ.

ಸ್ಥಳ: ಸಂಡೂರು
ದಿನಾಂಕ: 25-11-2024
ಸಹಿ: ಶಂಭುಲಿಂಗ