ಮುಂದಿನ ಸೀಟು

ನಾವಿರುವ ಪರದೇಶದ ಊರು ಏವನ್‌ಡೇಲ್‌ನಲ್ಲಿ ಭಾನುವಾರದ ಸಂತೆ. ಮೆಂತ್ಯ ಸೊಪ್ಪಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಕಾಲೇಜು ಓದುವ ಮೊಮ್ಮಗಳು ನಿಂತಿದ್ದರು.

“ಡಿಗ್ರಿ ಅಂತ ಮೂರು ವರ್ಷ ಬರೇ ಅಮೆರಿಕಾದ ಬಗ್ಗೆನ ಓದ್ತಿಯೇನ?”

“ಹೂಂ ಅಜ್ಜಿ. ಅಲ್ಲಿಯ ಕಲ್ಚರ್, ಅಸಮಾನತೆ.”

“ಅಂದ್ರ?”

“ಎಲ್ಲಾರೂ ಸಮಾನ ಅಂತಾರ, ಆದ್ರ ಕೆಲವ್ರಿಗೆ ಯಾವಾಗ್ಲೂ ಹಿಂದಿನ ಜಾಗ. ಯಾಕ ಅಂತ ಓದೋದು.”

“ಅದಕ್ಕ ಅಮೆರಿಕಾ ಯಾಕ ಬೇಕು? ನಿಮ್ಮಪ್ಪನ ಕಾರ್ ನೋಡು. ಅವರವ್ವಗ ಮುಂದಿನ ಸೀಟು. ನಾ ನಿಮ್ಮವ್ವನ ಅವ್ವ, ಊರಿಂದ ಬಂದಾಗಿಂದ ಹಿಂದ ಕಾಯಿಪಲ್ಲೆ ಚೀಲದ ಜೋಡಿ ಕುಂತೇನಿ.”

“ಅಯ್ಯ, ಇದನ್ನ ಅಸೈನ್‌ಮೆಂಟಿಗೆ ಬರೀಲೇನು?”

“ಬರಿ. ನನ್ನ ಹೆಸರು ಹಾಕಬ್ಯಾಡ.”

“ಇವತ್ತ ಕಾರ್ ನಾ ಹೊಡೀತೀನಿ. ನೀ ಮುಂದ ಕುಂಡ್ರು.”

“ಹಂಗಾರ ಲಗೂನ ನಡಿ! ಬೀಗತಿ ಅತ್ತಾಗ ಇನ್ನೂ ಬದನಿಕಾಯಿ ಆರಸಾಕತ್ತಾಳ.”

ಮೆಂತ್ಯವನ್ನು ಅಲ್ಲೇ ಬಿಟ್ಟು, ಅಜ್ಜಿಯೇ ಮೊದಲು ಓಡಿದರು.