ತಾರೀಖು ಬದಲಾಯಿಸಿದ್ಯಾರು?

ಇಲ್ಲ, ಇಲ್ಲ, ನೆಪ ಹೇಳ್ಬೇಡ! ನಮ್ಮ ಟಿಕೆಟ್ ಸೈಟಲ್ಲಿ ಪ್ರಯಾಣದ ವಿವರ ಬದಲಾಯಿಸೋ ಆ ಎಪಿಐ, ಆ ಪ್ರೋಗ್ರಾಂ ಬರೆದವಳು ನೀನೋ, ನಾನೋ? ನೀನು! ಪ್ರಯಾಣಿಕರ ಟಿಕೆಟ್ ನಂಬರು, ಹೊಸ ತಾರೀಖು... ಇವೆರಡು ಕಳಿಸಿದ್ರೆ ಮುಗೀತು, ಟಿಕೆಟ್ಟೇ ಬೇರೆ! ‘ನಿಜವಾಗ್ಲೂ ನೀವೇನಾ?’ ಅಂತ ಒಂದು ಮಾತು ಕೇಳ್ಬಾರ್ದಾ ಅದು?

ಏನು? ಕೇಳೋ ಹಾಗೇ ಬರೆದಿದ್ಯಾ? ಹೋದ ವಾರ ನಾನೇ ತೆಗೆಸಿದ್ನಾ? ಓಹೋ! ಈಗ ನನ್ನ ತಲೆಗೆ ಕಟ್ಟು. ನಿನ್ನೆ ಮೊನ್ನೆ ಟೀಮಿಗೆ ಬಂದವಳು, ನನಗೇ ಎದುರುತ್ತರ!

ಯಾಕೆ ನಗ್ತೀಯಾ? ನಗು ಬರುತ್ತಾ ನಿನಗೆ? ದೂರು ಕೊಟ್ಟಿರೋ ಆ ಹೆಂಗಸಿನ ಪಾಡು ಯೋಚಿಸು. ಇವತ್ತೇ ವಿಮಾನ ಅಂತ ಹೋದ್ರೆ, ಕೌಂಟರಲ್ಲಿ ‘ನಿಮ್ಮದು ಮುಂದಿನ ತಿಂಗಳು’ ಅಂತಾರೆ. ಕೈಲಿ ಸೂಟ್‌ಕೇಸು, ಹೆಗಲ ಮೇಲೆ ಮಗು... ಜ್ವರ ಬೇರೆ ಅದಕ್ಕೆ. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು ಪಾಪದ್ದು. ಎಲ್ಲಾ ನಿನ್ನಿಂದ! ಇವತ್ತೇ ರಾಜೀನಾಮೆ ಕೊಟ್ಟು...

ಏನು ಹಾಗೆ ನೋಡ್ತಿದೀಯಾ?

ಆ ದೂರಿನಲ್ಲೇ ಇತ್ತಲ್ಲ... ಮಗು ವಿಷಯ. ಇರ್ಲಿಲ್ವಾ? ಬರೀ ಟಿಕೆಟ್ ನಂಬರಾ? ...ಹಾಗಾದ್ರೆ ಫೋನಲ್ಲಿ ಹೇಳಿದ್ರು. ಯಾರೋ. ಯಾರೋ ಹೇಳಿದ್ರು ಕಣಮ್ಮ!

ಏನು ತಡಕ್ತಿದೀಯಾ ಅಲ್ಲಿ? ತಾರೀಖು ಬದಲಾಯಿಸಿದ್ದು ಯಾರ ಲಾಗಿನ್ನಿಂದ ಅಂತಾನಾ? ಮುಚ್ಚು ಅದನ್ನ!

...ಮತ್ತಿನ್ನೇನು ಮಾಡ್ಬೇಕಿತ್ತು ನಾನು? ಕಟ್ಕೊಂಡವಳು ಹೇಳದೆ ಕೇಳದೆ ತವರಿಗೆ ಹೊರಟ್ರೆ? ನನ್ನ ಮಗಳನ್ನ ಎತ್ಕೊಂಡು, ಇನ್ನು ಬರೋದೇ ಇಲ್ಲ ಅಂತ? ವಿಮಾನ ತಪ್ಪಿದ್ರೆ ಮನೆಗೆ ಬರ್ತಾಳೆ, ಕೂತು ಮಾತಾಡೋಣ ಅಂದ್ಕೊಂಡೆ. ಅಲ್ಲೇ ಕಂಬದ ಹಿಂದೆ ನಿಂತಿದ್ದೆ. ಮಗು ಅಳ್ತಿತ್ತು... ‘ಅಪ್ಪ’ ಅಂತ ಕರೀಲಿಲ್ಲ ಕಣೇ, ಒಂದ್ಸಲಾನೂ. ಎದುರಿಗೆ ಹೋಗ್ಲಿಲ್ಲ ನಾನು. ಟ್ಯಾಕ್ಸಿ ಹತ್ತಿದ್ರು. ಮನೆಗೂ ಬರ್ಲಿಲ್ಲ, ಫೋನೂ ಎತ್ತಲ್ಲ.

ನೀನು ನೋಡು. ಈಗ್ಲೇ. ಬೇರೆ ಟಿಕೆಟ್ ತಗೊಂಡಿದ್ದಾಳಾ, ಯಾವ ಊರಿಗೆ... ನನ್ನ ಲಾಗಿನ್ ಯಾಕೋ ತೆಗೀತಿಲ್ಲ. ನಿನ್ನದ್ರಲ್ಲಿ ನೋಡು! ಹೇಳಿದ್ದು ಕೇಳಿಸ್ತಾ?

ಕೀಬೋರ್ಡಿಂದ ಕೈ ಯಾಕೆ ತೆಗೆದೆ?