‘ಬೆಂದಿದೆ, ಇಳಿಸು’ ಎಂದ ಮಾತಿನ ಬಗ್ಗೆ

ಈ ಹೇಳಿಕೆಗೆ ಸಹಿ ಮಾಡುತ್ತಿರುವ ನಾನು, ವಯಸ್ಸು 41, ಓದು ಆರನೆಯ ತರಗತಿ ಅರ್ಧಕ್ಕೆ, ಆಹಾರಕ್ಕೆ ಕಿರಣ ಹಾಯಿಸುವ ಕಾರ್ಖಾನೆಯಲ್ಲಿ ಪೆಟ್ಟಿಗೆಯ ಚುಕ್ಕಿ ನೋಡುವ ಕೆಲಸ, ವಾಸ ಕಾರ್ಖಾನೆಯ ಹಿಂದಿನ ಓಣಿ, ಮೂರನೆಯ ಮಹಡಿ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮಲ್ಲಿಗೆ ಪುಡಿ, ಒಣಹಣ್ಣು ಎಲ್ಲ ಸೀಲಾದ ಪೆಟ್ಟಿಗೆಯಲ್ಲಿ ಬರುತ್ತವೆ. ದಪ್ಪ ಗೋಡೆಯ ಕೋಣೆಯೊಳಗೆ ಕಿರಣ ತಾಗಿದರೆ ಕ್ರಿಮಿ ಸಾಯುತ್ತವೆ, ಮಾಲು ಬಹಳ ದಿನ ಕೆಡುವುದಿಲ್ಲ. ಬೆಂಕಿಯಿಲ್ಲ, ಮುಟ್ಟಿದರೆ ಬಿಸಿಯೂ ಇರುವುದಿಲ್ಲ. ಆದರೂ ನಮ್ಮ ಬಾಯಲ್ಲಿ ಒಳಗೆ ಹೋಗದ್ದು ‘ಹಸಿ’, ಹೋಗಿ ಬಂದದ್ದು ‘ಬೆಂದದ್ದು’. ಪೆಟ್ಟಿಗೆಯ ಹಳದಿ ಚುಕ್ಕಿ ಕೆಂಪಾದರೆ ಬೆಂದಿದೆ ಎಂದರ್ಥ. ಅದನ್ನು ನೋಡಿ ಹೇಳುವವಳು ನಾನು. ಫೋರ್ಕ್‌ಲಿಫ್ಟ್ ಗಾಡಿ ಓಡಿಸುವವನು ನನ್ನ ಮೈದುನ.

ಸೋಮವಾರ ಬೆಳಿಗ್ಗೆ ಯಂತ್ರ ನಡುವೆ ನಿಂತಿದ್ದರಿಂದ ಒಂದು ಸಾಲು ಕಾಳುಮೆಣಸಿನ ಪುಡಿ ಹಸಿಯಾಗಿಯೇ ಹೊರಗೆ ಬಂದು ಮೇಲಿನ ಅಟ್ಟಣಿಗೆಯಲ್ಲಿತ್ತು. ಅಲ್ಲಿಂದ ಇಳಿಸಿದ್ದು ನೇರ ಲಾರಿಗೆ ಹೋಗುತ್ತದೆ. ಅದು ಆಸ್ಪತ್ರೆಯ ಮಾಲು. ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಇಲ್ಲದವರ ಊಟದ ಮೇಲೆ ಉದುರಿಸುವಂಥದ್ದು. ಅದರಲ್ಲಿ ಕ್ರಿಮಿ ಉಳಿದರೆ ಅವರ ಜೀವಕ್ಕೇ ಕುತ್ತು ಬರುತ್ತದೆ.

ಸುಮಾರು ಹನ್ನೊಂದು ಗಂಟೆಗೆ ನಾನು ಮಗಳಿಗೆ ಫೋನು ಮಾಡಿದೆನು. ಒಳಗೆ ಫೋನು ತರಬಾರದು. ನಾನು ಟೋಪಿಯೊಳಗೆ ಕಿವಿಗೆ ಸಿಕ್ಕಿಸಿಕೊಂಡಿದ್ದೆನು. ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದರೆ ನನಗೆ ಜೀವ ನಿಲ್ಲುವುದಿಲ್ಲ. ಮಗಳು, ಅಮ್ಮಾ, ಆಲೂಗಡ್ಡೆಗೆ ಚಾಕು ಸಲೀಸಾಗಿ ಇಳೀತಿದೆ, ಎಷ್ಟು ಸಲ ಕೇಳ್ತೀಯ, ನೀನೇ ಬಂದು ಪಾತ್ರೆಯೊಳಗೆ ಕೂತ್ಕೋ ಎಂದಳು. ನಾನು, ಬೆಂದಿದೆ, ಇಳಿಸು ಎಂದೆನು. ಹಿಂದೆ ಗಾಡಿಯ ಸದ್ದಿತ್ತು. ನಾನು ತಿರುಗಿ ನೋಡಲಿಲ್ಲ.

ಮೂರು ಗಂಟೆಗೆ ಆಸ್ಪತ್ರೆಯ ಅಡುಗೆಯಾಕೆ, ಪೆಟ್ಟಿಗೆ ಒಡೆಯುವ ಮೊದಲೇ ಹಳದಿ ಚುಕ್ಕಿ ನೋಡಿ ಫೋನು ಮಾಡಿದರು. ಯಾರೂ ತಿಂದಿಲ್ಲ. ಮೈದುನ ನನ್ನ ಹತ್ತಿರ ಬಂದು, ಅತ್ತಿಗೇ, ಮೇಲಿನ ಸಾಲು ಬೆಂದಿದೆಯಾ ಅಂತ ಕೇಳಿದ್ದಕ್ಕೆ ನೀವೇ ಇಳಿಸು ಅಂದ್ರಲ್ಲ ಎಂದನು. ನನ್ನ ಕೈ ತಾನಾಗಿ ಟೋಪಿಗೆ ಹೋಯಿತು. ಅವನು ಅದನ್ನು ನೋಡಿ, ಒಳಗೆ ಫೋನಿದೆ ಎಂದು ತಿಳಿದು, ಗಾಡಿಯ ಕಡೆಗೆ ಹೋದನು.

ಆಮೇಲೆ ಮ್ಯಾನೇಜರು ಬಂದರು. ರಜೆ ಕೊಡದಿದ್ದಕ್ಕೆ ಹಿಂದಿನ ವಾರ ಮೈದುನ, ನಿಮ್ಮ ಹೆಸರು ಮಣ್ಣುಪಾಲು ಮಾಡ್ತೀನಿ ನೋಡ್ತಿರಿ ಎಂದು ಅವರ ಮೇಲೆ ಕೂಗಾಡಿದ್ದನು. ಇದು ಬೇಕೆಂದೇ ಮಾಡಿದ್ದು ಎಂದು ಮ್ಯಾನೇಜರು ಹೇಳಿದರು. ಮೈದುನ, ನಾನೇ ಚುಕ್ಕಿ ನೋಡದೆ ಇಳಿಸಿದೆ ಸಾರ್ ಎಂದನು. ಮ್ಯಾನೇಜರು, ಚುಕ್ಕಿಯಕ್ಕ, ನಿಮಗೇನಾದ್ರೂ ಗೊತ್ತಾ ಎಂದು ನನ್ನನ್ನು ಕೇಳಿದರು. ನಾನು ಆ ಕಡೆ ಇದ್ದೆ, ಗೊತ್ತಿಲ್ಲ ಎಂದೆನು. ಅದು ಸುಳ್ಳು. ಸಂಜೆ ಅವನನ್ನು ಠಾಣೆಗೆ ಕರೆತಂದರು.

ನಾನೂ ಮೈದುನನ ಹೆಂಡತಿಯೂ, ಓರಗಿತ್ತಿಯರಿಬ್ಬರು, ಒಂದೇ ಮನೆಯಲ್ಲಿದ್ದೇವೆ. ನಿನ್ನೆ ರಾತ್ರಿ ಅವಳು ನನಗೆ ತಟ್ಟೆ ಹಾಕುತ್ತಾ, ಅಕ್ಕಾ, ನೀವು ಅಲ್ಲೇ ಇದ್ರಲ್ಲ, ಇವರು ಬೇಕಂತ ಮಾಡಿದ್ರಾ ಎಂದು ಕೇಳಿದಳು. ದುಡುಕು ಬುದ್ಧಿ, ಏನು ಮಾಡೋದು ಹೇಳು ಎಂದೆನು. ಹಾಗೆಂದು ಅವಳು ಬಡಿಸಿದ್ದನ್ನು ಉಂಡೆನು. ಬೇಡ ಎಂದರೆ ಅನುಮಾನ ಬರುತ್ತದೆಂದು ಇನ್ನಷ್ಟು ಹಾಕಿಸಿಕೊಂಡೆನು.

ಇಂದು ಬೆಳಿಗ್ಗೆ ನಾನಾಗಿಯೇ ಬಂದಿದ್ದೇನೆ. ಮೈದುನನದು ತಪ್ಪಿಲ್ಲ. ಅವನನ್ನು ಮನೆಗೆ ಕಳಿಸಬೇಕು.

ಬರೆದುಕೊಂಡ ಪೊಲೀಸಿನವರು, ಊಟದ ವಿಷಯ ಕೇಸಿಗೆ ಬೇಡಮ್ಮ, ಬಿಡಲಾ ಎಂದರು. ಇರಲಿ ಎಂದೆನು. ಓರಗಿತ್ತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಅವಳ ಗಂಡನನ್ನು ಬಿಡಿಸಲು ಬೇಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಾಳೆ. ಅವಳ ಮುಖ ನೋಡಿ ಹೇಳುವುದು ನನ್ನಿಂದಾಗದು. ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ, ಇದರಲ್ಲಿರುವುದೆಲ್ಲ ನಿಜ. ಅವಳನ್ನು ಒಳಗೆ ಕರೆದು ಅವಳಿಗೂ ಒಮ್ಮೆ ಓದಿ ಹೇಳಬೇಕೆಂದು ಕೋರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಮಂಗಳವಾರ, 14ನೆಯ ತಾರೀಖು
(ಸಹಿ)